ಖಡ್ಗವನ್ನು ಬಿಟ್ಟರೂ ಕಾವಲು ಬಿಡದ ಕನಕದಾಸರು

ಆಷಾಢ ಏಕಾದಶಿ ಸಮೀಪಿಸಿತೆಂದರೆ ಜ್ಞಾನೇಶ್ವರ ಮತ್ತು ತುಕಾರಾಮ ಮಹಾರಾಜರ ಪಾಲಖಿಗಳು ಪುಣೆಯಿಂದ ಹೊರಟು, ನಮ್ಮ ಮಗರಪಟ್ಟಾದ ಪಕ್ಕದ ಹಡಪಸರವನ್ನು ಹಾದು, ಪಂಢರಪುರದತ್ತ ಸಾಗುತ್ತವೆ. ಮಳೆಯನ್ನಾಗಲಿ ಕೆಸರನ್ನಾಗಲಿ ಲೆಕ್ಕಿಸದೆ ಸಾಲು ಸಾಲಾಗಿ ನಡೆಯುವ ವಾರಕರಿಗಳ ಶಿಸ್ತನ್ನು ಕಂಡವರಿಗೆ ಭಕ್ತಿಯೂ ಒಂದು ಬಗೆಯ ದಂಡಯಾತ್ರೆಯೆಂದು ತೋರದಿರದು. ಇಂತಹ ಶಿಸ್ತನ್ನು ನಿಜವಾದ ರಣಭೂಮಿಯಲ್ಲಿ ಕಲಿತು, ಬಳಿಕ ಭಗವಂತನ ಸೇವೆಗೆ ಮುಡಿಪಿಟ್ಟ ಮಹಾನುಭಾವರು ನಮ್ಮ ನಾಡಿನಲ್ಲಿ ಆಗಿಹೋದರು. ಅವರೇ ಕನಕದಾಸರು.

16ನೆಯ ಶತಮಾನದ ಈ ಸಂತರ ಜನ್ಮಸ್ಥಳ ಈಗಿನ ಹಾವೇರಿ ಜಿಲ್ಲೆಯ ಬಾಡ ಗ್ರಾಮ. ತಂದೆ ಬೀರಪ್ಪ, ತಾಯಿ ಬಚ್ಚಮ್ಮ, ಮನೆತನ ಹಾಲುಮತದ್ದು. ಮಗನಿಗೆ ಇಟ್ಟ ಹೆಸರು ತಿಮ್ಮಪ್ಪ. ಅಂದು ಆ ಸೀಮೆಯು ವಿಜಯನಗರದ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. ತಿಮ್ಮಪ್ಪನು ಬೆಳೆದು ಬಂಕಾಪುರ ಪ್ರಾಂತದ ದಂಡನಾಯಕನಾದನು. ನೆಲದಲ್ಲಿ ಹೊನ್ನಿನ ನಿಧಿ ದೊರೆತುದರಿಂದ ಜನರು ಅವನನ್ನು ಕನಕನಾಯಕನೆಂದು ಕರೆದರೆಂದೂ, ಆ ಧನವನ್ನು ಅವನು ಜನಹಿತಕ್ಕೂ ದೇವಾಲಯಕ್ಕೂ ವಿನಿಯೋಗಿಸಿದನೆಂದೂ ಪ್ರತೀತಿಯುಂಟು.

ಅಧಿಕಾರ, ಐಶ್ವರ್ಯ, ಕೀರ್ತಿ ಮೂರೂ ಕೈಯಲ್ಲಿದ್ದ ಕಾಲದಲ್ಲಿ ಆದಿಕೇಶವನು ಕನಸಿನಲ್ಲಿ ಬಂದು ತನ್ನ ದಾಸನಾಗೆಂದು ಕರೆದರೂ ನಾಯಕನು ಕಿವಿಗೊಡಲಿಲ್ಲವಂತೆ. ಮುಂದೊಂದು ಯುದ್ಧದಲ್ಲಿ ಅವನು ಮೈತುಂಬ ಗಾಯಗೊಂಡು ಹೆಣಗಳ ನಡುವೆ ಬಿದ್ದನು. ಸತ್ತನೆಂದು ಎಲ್ಲರೂ ಭಾವಿಸಿದ್ದ ಆ ಜೀವವು ಉಳಿದುಕೊಂಡಿತು. ಆ ರಾತ್ರಿಯೇ ದಂಡನಾಯಕನ ಬಾಳಿಗೆ ತಿರುವಾಯಿತೆಂದು ಐತಿಹ್ಯವು ಹೇಳುತ್ತದೆ. ಬಾಡದ ಆದಿಕೇಶವನನ್ನು ಕಾಗಿನೆಲೆಯಲ್ಲಿ ನೆಲೆಗೊಳಿಸಿ, ಅವನ ಹೆಸರನ್ನೇ ಕೀರ್ತನೆಗಳಿಗೆ ಅಂಕಿತವಾಗಿಸಿಕೊಂಡು, ನಾಯಕನು ದಾಸನಾದನು.

ಆದರೆ ದಾಸರ ಮಾರ್ಗವೂ ಹೂವಿನ ಹಾಸಿಗೆಯಾಗಿರಲಿಲ್ಲ. ವಿಜಯನಗರದಲ್ಲಿ ವ್ಯಾಸರಾಯರು ಅವರನ್ನು ಶಿಷ್ಯರನ್ನಾಗಿ ಅಂಗೀಕರಿಸಿದಾಗ ಕುಲದ ಕಾರಣದಿಂದ ಮೂಗು ಮುರಿದ ಸಹಪಾಠಿಗಳು ಹಲವರು. ಬಾಳೆಯ ಹಣ್ಣಿನ ಕಥೆ ನಮ್ಮ ವಾಚಕರಿಗೆ ತಿಳಿದದ್ದೇ. ಯಾರೂ ನೋಡದ ಸ್ಥಳದಲ್ಲಿ ತಿನ್ನಬೇಕೆಂದು ಗುರುಗಳು ಕೊಟ್ಟ ಹಣ್ಣನ್ನು ಉಳಿದವರೆಲ್ಲ ಮೂಲೆ ಹುಡುಕಿ ತಿಂದುಬಂದರೆ, ದೇವರ ದೃಷ್ಟಿ ತಪ್ಪಿದ ತಾವೇ ಸಿಗಲಿಲ್ಲವೆಂದು ಕನಕರು ಹಣ್ಣನ್ನು ಹಾಗೆಯೇ ಮರಳಿಸಿದರು. ಮೇಲಧಿಕಾರಿ ಕಣ್ಮರೆಯಾದಾಗಲೂ ಕಾವಲಿನಲ್ಲಿ ತೂಕಡಿಸದ ಸೈನಿಕನ ನಿಷ್ಠೆಯಲ್ಲವೇ ಇದು?

ಖಡ್ಗ ಹಿಡಿದಿದ್ದ ಕೈ ಲೇಖನಿ ಹಿಡಿದಾಗ ಮೋಹನತರಂಗಿಣಿ, ನಳಚರಿತ್ರೆ, ಹರಿಭಕ್ತಿಸಾರ, ರಾಮಧಾನ್ಯಚರಿತ್ರೆಗಳು ಮೂಡಿದವು. ಮೋಹನತರಂಗಿಣಿಯ ಯುದ್ಧವರ್ಣನೆಗಳಲ್ಲಿ ಹಳೆಯ ದಂಡನಾಯಕನ ಅನುಭವವು ಇಣಿಕುತ್ತದೆ. ರಾಮಧಾನ್ಯಚರಿತ್ರೆಯಂತೂ ನಮ್ಮ ಅಡಿಗೆಮನೆಯ ಬಂಧುಗಳು ಅವಶ್ಯವಾಗಿ ತಿಳಿಯಬೇಕಾದ ಕಾವ್ಯ. ಅಕ್ಕಿಗೂ ರಾಗಿಗೂ ಮೇಲುಕೀಳಿನ ವಾದ ಹುಟ್ಟುತ್ತದೆ. ಶ್ರೀರಾಮನು ಎರಡನ್ನೂ 6 ತಿಂಗಳು ಸೆರೆಯಲ್ಲಿಡುತ್ತಾನೆ. ಅಷ್ಟರಲ್ಲಿ ಅಕ್ಕಿಯು ಕಂದಿ ಸೊರಗಿದರೆ, ಬಡವರ ಧಾನ್ಯವಾದ ರಾಗಿಯು ಕೆಡದೆ ಉಳಿದು ರಾಘವನ ಹೆಸರನ್ನೇ ಪಡೆಯುತ್ತದೆ. ಸೆರೆಯ ಕತ್ತಲೆಯಲ್ಲಿ ಸತ್ತ್ವ ಉಳಿಸಿಕೊಂಡದ್ದೇ ಹಿರಿದೆಂಬ ತೀರ್ಪು ಅದು.

ಉಡುಪಿಯಲ್ಲಿ ಕನಕರ ಸತ್ತ್ವಪರೀಕ್ಷೆಯಾಯಿತು. ಶ್ರೀಕೃಷ್ಣನ ಗುಡಿಯೊಳಗೆ ಅವರಿಗೆ ಪ್ರವೇಶ ದೊರೆಯಲಿಲ್ಲ. ಒಂದು ಕಾಲಕ್ಕೆ ಸೇನೆಯನ್ನು ನಡೆಸಿದ್ದವರು ಬಲವನ್ನು ಪ್ರಯೋಗಿಸಲಿಲ್ಲ. ಸ್ಥಳವನ್ನು ಬಿಟ್ಟು ಹೋಗಲೂ ಇಲ್ಲ. ಗುಡಿಯ ಹಿಂಬದಿಯಲ್ಲಿ ನಿಂತು ಹಾಡಿದರು. ಗೋಡೆ ಬಿರಿದು, ಮೂರ್ತಿಯು ಅವರತ್ತ ತಿರುಗಿತೆಂಬುದು ಭಕ್ತರ ನಂಬಿಕೆ. ಇಂದಿಗೂ ಅಲ್ಲಿ ಶ್ರೀಕೃಷ್ಣನು ಪಶ್ಚಿಮಾಭಿಮುಖನಾಗಿಯೇ ಇದ್ದಾನೆ. ಕನಕನ ಕಿಂಡಿಯೆಂದು ಹೆಸರಾದ ಗವಾಕ್ಷಿಯ ಮುಂದೆ ಎಲ್ಲ ಜಾತಿಯವರೂ ತಲೆಬಾಗುತ್ತಾರೆ. ಪಂಢರಪುರದಲ್ಲಿಯೂ ಇಂಥದೇ ನಡೆದಿತ್ತು. ಒಳಗೆ ಬಿಡದೆ ಹೊರಗೇ ನಿಲ್ಲಿಸಲ್ಪಟ್ಟ ಸಂತ ಚೋಖಾಮೇಳರ ಸಮಾಧಿಯು ವಿಠ್ಠಲನ ಮಹಾದ್ವಾರದ ಎದುರಿಗೇ ಇದೆ.

ಕಿಂಡಿಯ ಮಹಿಮೆಯನ್ನು ಕೊಂಡಾಡುವಾಗ ಬಾಗಿಲು ಮುಚ್ಚಿದ್ದ ಅನ್ಯಾಯವನ್ನು ನಾವು ಮರೆಯಲಾಗದು. ಕನಕರೂ ಅದನ್ನು ಮರೆಯಲಿಲ್ಲ. ಕುಲವೆಂದರೇನು, ಅದರ ನೆಲೆಯೆಲ್ಲಿ ಎಂದು ಅವರು ತಮ್ಮ ಕೀರ್ತನೆಗಳಲ್ಲಿ ಎಲ್ಲರೂ ಕೇಳುವಂತೆ ಪ್ರಶ್ನಿಸಿದರು. ಅವರ ತಾಳ್ಮೆಯು ತಲೆತಗ್ಗಿಸಿ ಸಹಿಸುವವನದಲ್ಲ, ಠಾಣ್ಯವನ್ನು ಬಿಟ್ಟುಕೊಡದ ಯೋಧನದು.

ಊರು ಬಿಟ್ಟು ಬಂದು, ಸೂರ್ಯೋದಯಕ್ಕೆ ಮೊದಲೇ ಒಲೆಯ ಮುಂದೆ ನಿಲ್ಲುವ ತರುಣರು ನಮ್ಮಲ್ಲಿ ಅನೇಕರಿದ್ದಾರೆ. ಬಡ್ತಿಯ ಸರದಿ ತಪ್ಪಿಯೂ ಕಡತಗಳನ್ನು ಅಚ್ಚುಕಟ್ಟಾಗಿಡುವ ಗುಮಾಸ್ತರಿದ್ದಾರೆ. ತಮ್ಮ ದುಡಿಮೆಯನ್ನು ಯಾರೂ ನೋಡುವುದಿಲ್ಲವೆಂಬ ಬೇಸರ ಇವರನ್ನು ಆಗಾಗ ಕಾಡುವುದುಂಟು. ಅಂತಹ ವೇಳೆ ಬಾಳೆಯ ಹಣ್ಣನ್ನು ಮರಳಿಸಿದ ಆ ಶಿಷ್ಯರನ್ನು ನೆನೆಯಬೇಕು. ನ್ಯಾಯವಾದುದನ್ನು ಕೇಳಲು ಅಳುಕಬಾರದು. ಕೇಳಿದ್ದು ದೊರೆಯುವವರೆಗೆ ಕೈಯಲ್ಲಿರುವ ಕೆಲಸವನ್ನು ಕೆಡಿಸಲೂಬಾರದು. ಕಾಗಿನೆಲೆಯ ದಂಡನಾಯಕರು ನಡೆದು ತೋರಿಸಿದ ದಾರಿ ಇದೇ.