ಹೊಗೆಯನ್ನೂ ವ್ಯರ್ಥ ಮಾಡದ ವಿಶ್ವೇಶ್ವರಯ್ಯ

ಸರ್ ಎಂ. ವಿಶ್ವೇಶ್ವರಯ್ಯ ಎಂದೊಡನೆ ನಿಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ನೀರಿನಂತೆ ಹೊಗೆಯ ಬೆಲೆಯನ್ನೂ ಅವರು ಬಲ್ಲವರಾಗಿದ್ದರು.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತ ಕಾಲೇಜು ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಸರಕಾರದ ನೌಕರಿಗೆ ಸೇರಿದರು. ನಮ್ಮ ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಆಗ ಅದೇ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ನವಾಬರ ಸಂಸ್ಥಾನವಾಗಿತ್ತು. ಧಾರವಾಡದ ಕುಡಿಯುವ ನೀರಿನ ಯೋಜನೆಯಲ್ಲಿ ಅವರ ಪಾಲೂ ಇದೆ.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರ ಪ್ರಯತ್ನದ ಫಲವಾಗಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕೆಲಸ ಆರಂಭಿಸಿತು. ಹತ್ತಿರದಲ್ಲೇ ಕೆಮ್ಮಣ್ಣುಗುಂಡಿಯ ಅದಿರಿತ್ತು, ಆದರೆ ಕಲ್ಲಿದ್ದಲಿರಲಿಲ್ಲ. ಕಾಡಿನ ಕಟ್ಟಿಗೆಯಿಂದ ಇದ್ದಿಲು ಮಾಡಬೇಕಾಯಿತು.

ಹಳ್ಳಿಗಳಲ್ಲಿ ಇದ್ದಿಲು ಸುಡುವಾಗ ಹೊಗೆ ಗಾಳಿಗೆ ಹೋಗುವುದನ್ನು ನೀವು ನೋಡಿರಬಹುದು. ಭದ್ರಾವತಿಯಲ್ಲಿ ಅದನ್ನು ಹಿಡಿದಿಡುವ ಘಟಕವನ್ನೇ ಕಟ್ಟಿದರು. ಗಾಳಿ ಸೇರದಂತೆ ಕಟ್ಟಿಗೆಯನ್ನು ಕಾಯಿಸಿ, ಬಂದ ಹೊಗೆಯನ್ನು ತಂಪುಗೊಳಿಸಿದರೆ ಅದು ದ್ರವವಾಗುತ್ತದೆ. ಅದರಿಂದ ಟಾರು ಬೇರೆಯಾಗುತ್ತದೆ. ಉಳಿದ ಹುಳಿ ದ್ರವಕ್ಕೆ ಸುಣ್ಣ ಬೆರೆಸಿ ಬಟ್ಟಿ ಇಳಿಸಿದಾಗ ಮಿಥೈಲ್ ಆಲ್ಕೊಹಾಲ್ ಆವಿಯಾಗಿ ಬರುತ್ತದೆ, ಕ್ಯಾಲ್ಸಿಯಂ ಅಸಿಟೇಟ್ ಉಳಿಯುತ್ತದೆ. ಅಸಿಟಿಕ್ ಆಮ್ಲ ಮತ್ತು ಅಸಿಟೋನ್‌ಗೆ ಈ ಅಸಿಟೇಟೇ ಮೂಲ.

ಆದರೆ ಹಾದಿ ಸುಗಮವಾಗಿರಲಿಲ್ಲ. 1923ರಲ್ಲೇ ಜರ್ಮನಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್‌ನಿಂದ ನೇರವಾಗಿ ಮಿಥೈಲ್ ಆಲ್ಕೊಹಾಲ್ ತಯಾರಾಗತೊಡಗಿತು. ಕಟ್ಟಿಗೆಯ ಆಲ್ಕೊಹಾಲಿಗೆ ಅದು ಬಲವಾದ ಪೈಪೋಟಿಯಾಯಿತು. ಕಾರ್ಖಾನೆ ನಷ್ಟದಲ್ಲಿತ್ತು, ಟೀಕೆಗಳು ಹೆಚ್ಚಿದವು. ಅರವತ್ತು ದಾಟಿದ್ದ ವಿಶ್ವೇಶ್ವರಯ್ಯ ಆ ವರ್ಷವೇ ಆಡಳಿತ ಮಂಡಲಿಯ ಅಧ್ಯಕ್ಷರಾಗಿ, 1929ರವರೆಗೆ ದುಡಿದು ಕಾರ್ಖಾನೆಯನ್ನು ಉಳಿಸಿದರು. ವೆಚ್ಚ ತಗ್ಗಿಸಿದರು, ವಿದೇಶಿ ತಜ್ಞರ ಸ್ಥಾನದಲ್ಲಿ ನಮ್ಮವರನ್ನೇ ತರಬೇತುಗೊಳಿಸಿ ಕೂರಿಸಿದರು.

ಆ ಸೇವೆಗೆ ಸಲ್ಲಬೇಕಿದ್ದ ಸಂಭಾವನೆಯನ್ನು ತಮಗಾಗಿ ಪಡೆಯದೆ, ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. ಅದಕ್ಕೆ ತಮ್ಮ ಹೆಸರನ್ನೂ ಇಡಗೊಡಲಿಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಹೀಗೆ. 1955ರಲ್ಲಿ ಭಾರತರತ್ನ ಪಡೆದ ಅವರು 1962ರಲ್ಲಿ ತೀರಿಕೊಂಡರು.

ವಿದ್ಯಾರ್ಥಿಗಳೇ, ಹೊಗೆಯನ್ನು ವಸ್ತುವಾಗಿಸಲು ರಸಾಯನಶಾಸ್ತ್ರ ಬೇಕು. ಆ ವಸ್ತುವಿಗೆ ಬೆಲೆ ಉಳಿಸಿಕೊಳ್ಳಲು ಹೊಸ ವಿದ್ಯೆಯನ್ನು ಕಲಿಯುತ್ತಲೇ ಇರಬೇಕು. ನಿಮ್ಮೂರಿನ ಇಟ್ಟಿಗೆ ಭಟ್ಟಿಯಲ್ಲೋ ಕಾರ್ಖಾನೆಯಲ್ಲೋ ಹೊಗೆ ಏಳುವುದನ್ನು ಕಂಡಾಗ, ಅದರಲ್ಲಿ ಏನೇನಿದೆ ಎಂದು ನಿಮ್ಮ ವಿಜ್ಞಾನ ಶಿಕ್ಷಕರನ್ನು ಕೇಳಿರಿ.