ಜಾನ್ ಬ್ರೌನಿಂಗ್: ಅಂಗೈ ಪಿಸ್ತೂಲಿನ ಹಿಂದಿದ್ದ ವರ್ಕ್‌ಶಾಪ್ ಹುಡುಗ

.32 ಪಿಸ್ತೂಲು ಬರೀ ಹೆದರಿಸೋಕೆ, ಅದರಿಂದ ಜೀವ ಹೋಗಲ್ಲ. ಮ್ಯಾಗಜಿನ್ ತೆಗೆದರೆ ಗನ್ ಖಾಲಿ. ಇಂಥ ಮಾತುಗಳು ಫಾರ್ವರ್ಡ್ ಆಗಿ ನಿಮ್ಮ ಮೊಬೈಲಿಗೂ ಬಂದಿರಬಹುದು. ಎರಡೂ ಸುಳ್ಳು. ಯಾಕೆ ಸುಳ್ಳು ಅನ್ನೋದು ಈ ಪಿಸ್ತೂಲನ್ನೂ ಗುಂಡನ್ನೂ ರೂಪಿಸಿದ ಮನುಷ್ಯನ ಬದುಕಿನ ಕಥೆಯಲ್ಲೇ ಇದೆ. ಬನ್ನಿ, ನೋಡೋಣ.

ಜಾನ್ ಮೋಸೆಸ್ ಬ್ರೌನಿಂಗ್ ಹುಟ್ಟಿದ್ದು 1855ರಲ್ಲಿ, ಅಮೆರಿಕದ ಯೂಟಾ ಪ್ರಾಂತ್ಯದ ಆಗ್ಡೆನ್ ಊರಿನಲ್ಲಿ. ಅಪ್ಪ ಜೊನಾಥನ್ ಬಂದೂಕು ರಿಪೇರಿಯವರು. ಹುಡುಗ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಅಪ್ಪನ ಅಂಗಡಿಯ ಕಬ್ಬಿಣ, ಅರ, ಸುತ್ತಿಗೆಗಳೇ ಪಾಠ ಹೇಳಿದವು. ನಮ್ಮ ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಲೇತ್ ಮುಂದೆ ನಿಂತೇ ಕೆಲಸ ಕಲಿತವರಿಗೆ ಇಂಥ ವಿದ್ಯೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ.

1879ರಲ್ಲಿ, 24ನೇ ವಯಸ್ಸಿಗೆ, ಒಂಟಿ ಗುಂಡಿನ ರೈಫಲ್‌ಗೆ ಮೊದಲ ಪೇಟೆಂಟ್ ಬಂತು. 1883ರಲ್ಲಿ ವಿಂಚೆಸ್ಟರ್ ಕಂಪನಿ ಅದನ್ನು ಕೊಂಡಿತು. ಮುಂದೆ ಒಂದು ದಿನ, ಗುಂಡು ಹಾರಿದಾಗ ನಳಿಕೆಯಿಂದ ನುಗ್ಗಿದ ಅನಿಲಕ್ಕೆ ಪಕ್ಕದ ಹುಲ್ಲು ಬಾಗಿದ್ದು ಬ್ರೌನಿಂಗ್ ಕಣ್ಣಿಗೆ ಬಿತ್ತು. ವ್ಯರ್ಥವಾಗುವ ಈ ಶಕ್ತಿಯಿಂದಲೇ ಬಂದೂಕು ಮುಂದಿನ ಗುಂಡು ತುಂಬಿಕೊಳ್ಳಬಾರದೇಕೆ ಎಂಬ ಯೋಚನೆ ಅಲ್ಲಿಂದ ಬೆಳೆಯಿತು.

1897ರಲ್ಲಿ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಜೊತೆ ಒಪ್ಪಂದವಾಯಿತು. 1899ರಲ್ಲಿ ಜೇಬಿನಲ್ಲಿ ಹಿಡಿಸುವ ಪಿಸ್ತೂಲು ಮತ್ತು ಅದಕ್ಕೆಂದೇ ಮಾಡಿದ .32 ಗುಂಡು ಹೊರಬಂದವು. ಯುರೋಪಿನಲ್ಲಿ ಇದಕ್ಕೇ 7.65 ಮಿ.ಮೀ. ಎಂಬ ಹೆಸರು. ತಮಾಷೆ ಅಂದರೆ ಗುಂಡಿನ ನಿಜವಾದ ಅಡ್ಡಳತೆ ಸುಮಾರು 7.9 ಮಿ.ಮೀ.!

ಇದು ಕೆಲಸ ಮಾಡೋದು ಹೇಗೆ? ಮದ್ದು ಉರಿದಾಗ ಅನಿಲ ಗುಂಡನ್ನು ಮುಂದಕ್ಕೂ ಖಾಲಿ ಕೋಶವನ್ನು ಹಿಂದಕ್ಕೂ ತಳ್ಳುತ್ತದೆ. ಭಾರದ ಸ್ಲೈಡ್ ಮತ್ತು ಸ್ಪ್ರಿಂಗ್ ಆ ಒತ್ತಡವನ್ನು ಕ್ಷಣಕಾಲ ತಡೆಯುತ್ತವೆ. ಆಮೇಲೆ ಸ್ಲೈಡ್ ಹಿಂದೆ ಸರಿದು ಕೋಶವನ್ನು ಹೊರಗೆಸೆಯುತ್ತದೆ, ಮುಂದೆ ಬರುವಾಗ ಹೊಸ ಗುಂಡನ್ನು ನಳಿಕೆಗೆ ತಳ್ಳುತ್ತದೆ. ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಸೆಮಿ-ಆಟೋಮ್ಯಾಟಿಕ್ ಅಂದರೆ ಇಷ್ಟೇ.

ಮ್ಯಾಗಜಿನ್ ತೆಗೆದರೂ ಗನ್ ಖಾಲಿಯಲ್ಲ ಅನ್ನೋದು ಇಲ್ಲಿ ಅರ್ಥವಾಗುತ್ತದೆ. ಕೊನೆಗೆ ಮೇಲೇರಿದ ಗುಂಡು ನಳಿಕೆಯೊಳಗೇ ಕೂತಿರುತ್ತದೆ. ಖಾಲಿ ಅಂದುಕೊಂಡ ಗನ್‌ಗಳಿಂದ ಮನೆಯೊಳಗೆ ಅನಾಹುತವಾಗೋದು ಹೀಗೆ. ಬ್ರೌನಿಂಗ್ 1910ರ ಮಾದರಿಯಲ್ಲಿ, ಮ್ಯಾಗಜಿನ್ ಇಲ್ಲದಿದ್ದರೆ ಗುಂಡು ಹಾರದಂತೆ ಒಂದು ತಡೆಯನ್ನೇ ಇಟ್ಟರು. ಆದರೆ ಎಲ್ಲ ಪಿಸ್ತೂಲಿನಲ್ಲೂ ಅದಿರುವುದಿಲ್ಲ.

ಇನ್ನು ಆಟಿಕೆಯ ಮಾತು. .32 ಗುಂಡಿನ ತೂಕ ಸುಮಾರು 4.6 ಗ್ರಾಂ, ವೇಗ ಶಬ್ದಕ್ಕಿಂತ ಕಡಿಮೆ. ನಿಜ, ದೊಡ್ಡ ಗುಂಡುಗಳ ಮುಂದೆ ಇದರ ಬಲ ಕಮ್ಮಿ. ಆದರೆ 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ನಮ್ಮ ರಾಜರಾಜೇಶ್ವರಿನಗರದಲ್ಲಿ ಗೌರಿ ಲಂಕೇಶ್ ಪ್ರಾಣ ತೆಗೆದದ್ದು ನಾಡ ಪಿಸ್ತೂಲಿನಿಂದ ಹಾರಿದ 7.65 ಮಿ.ಮೀ. ಗುಂಡುಗಳೇ. ಗುಂಡು ಮತ್ತು ಕೋಶಗಳ ಮೇಲಿನ ಗುರುತುಗಳನ್ನು ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ, ಎರಡೂ ಕಡೆ ಬಳಸಿದ್ದು ಒಂದೇ ಆಯುಧ ಎಂದಿತು. ಸ್ಲೈಡ್ ಹೊರಗೆಸೆಯುವ ಕೋಶವೇ ಹೀಗೆ ಸಾಕ್ಷಿಯಾಗುತ್ತದೆ.

ಬ್ರೌನಿಂಗ್ ರೂಪಿಸಿದ ಇನ್ನೊಂದು ಗುಂಡು .380. ಆರ್ಚ್‌ಡ್ಯೂಕ್ ಫ್ರಾಂಜ್ ಫರ್ಡಿನಾಂಡ್ ಅವರನ್ನು 1914ರಲ್ಲಿ ಸರಾಯೆವೊದಲ್ಲಿ ಕೊಂದದ್ದು ಅದೇ ಗುಂಡು, ಹಾರಿದ್ದು ಬ್ರೌನಿಂಗ್‌ರ 1910ರ ಪಿಸ್ತೂಲಿನಿಂದ. 1948ರ ಜನವರಿ 30ರಂದು ಗಾಂಧೀಜಿಯವರ ಮೇಲೆ ಬೆರೆಟ್ಟಾ ಪಿಸ್ತೂಲಿನಿಂದ ಹಾರಿದ್ದೂ ಅದೇ ಗುಂಡು. ಅದನ್ನು ನೋಡಲು ಬ್ರೌನಿಂಗ್ ಇರಲಿಲ್ಲ. 1926ರ ನವೆಂಬರ್ 26ರಂದು, ಬೆಲ್ಜಿಯಂನ ಅದೇ ಎಫ್‌ಎನ್ ಕಾರ್ಖಾನೆಯಲ್ಲಿ ಹೃದಯ ನಿಂತು ತೀರಿಕೊಂಡಿದ್ದರು. ಆಗ ಅವರಿಗೆ 71 ವರ್ಷ, ಹೆಸರಿನಲ್ಲಿ 128 ಪೇಟೆಂಟ್.

ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳೋದೂ, ತಯಾರಿಸೋದೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಮದುವೆ, ಜಾತ್ರೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು. ಮೇಲೆ ಹೋದ ಗುಂಡು ಯಾರದೋ ತಲೆಯ ಮೇಲೇ ಇಳಿಯಬಹುದು.

ಆಟಿಕೆ ಪಿಸ್ತೂಲಿನ ಫಾರ್ವರ್ಡ್ ಮತ್ತೆ ಬಂದರೆ, ಅದನ್ನಲ್ಲ, ಇದನ್ನು ಕಳಿಸಿ.