ಶಿಷ್ಯರಲ್ಲಿ ಉಳಿದ ತಳುಕಿನ ವೆಂಕಣ್ಣಯ್ಯ

ಕನ್ನಡ ಎಂ.ಎ. ಓದಿದವರಿಗೆ ಮುಂದೇನು ಎಂಬ ಪ್ರಶ್ನೆ ಇಂದಿನದಲ್ಲ. 1927ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಆ ತರಗತಿಯನ್ನು ಆರಂಭಿಸಿದಾಗ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಏಕೆಂದರೆ ಅಲ್ಲಿ ಅದನ್ನು ಓದಿ ಮುಗಿಸಿದವರು ಒಬ್ಬರೂ ಇರಲಿಲ್ಲ. ಅಂತಹ ದಾರಿಗೆ ಪ್ರತಿಭಾವಂತ ತರುಣನೊಬ್ಬನನ್ನು ಕರೆತಂದವರು ಟಿ.ಎಸ್. ವೆಂಕಣ್ಣಯ್ಯ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ 1885ರಲ್ಲಿ ಅವರ ಜನನ. ವಿದ್ವಾಂಸ ತ.ಸು. ಶಾಮರಾಯರು ಅವರ ತಮ್ಮ, ಕಾದಂಬರಿಕಾರ ತ.ರಾ.ಸು. ಕೂಡ ಅದೇ ಮನೆತನದವರು. ವೆಂಕಣ್ಣಯ್ಯನವರು ಬರೆದದ್ದು ಹೆಚ್ಚಲ್ಲ. ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿದರು, ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆಗೂಡಿ ರಾಘವಾಂಕನ ಹರಿಶ್ಚಂದ್ರ ಕಾವ್ಯದ ಸಂಗ್ರಹವನ್ನು ಸಿದ್ಧಪಡಿಸಿದರು. ಪುಸ್ತಕಗಳನ್ನಷ್ಟೇ ಎಣಿಸುವವರಿಗೆ ಅವರ ಎತ್ತರ ತಿಳಿಯದು.

ಮಹಾರಾಜ ಕಾಲೇಜಿನಲ್ಲಿ ಆಗ ಬಿ.ಎ. ಮುಗಿಸಿದ್ದ ಕುಪ್ಪಳಿಯ ಕೆ.ವಿ. ಪುಟ್ಟಪ್ಪ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡುವ ಮನಸ್ಸಿನಲ್ಲಿದ್ದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡಿದ್ದ ಮಲೆನಾಡಿನ ಒಕ್ಕಲಿಗ ಯುವಕ. ಕಾಲೇಜುಗಳ ಬೋಧಕ ವರ್ಗದಲ್ಲಿ ಬ್ರಾಹ್ಮಣರದೇ ಬಾಹುಳ್ಯವಿದ್ದ ಕಾಲವದು. ಹಿಂದುಳಿದ ಸಮುದಾಯಗಳಿಗೆ ಅವಕಾಶ ಕಲ್ಪಿಸಲು 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಶಿಫಾರಸುಗಳು ಸಂಸ್ಥಾನದಲ್ಲಿ ಆಗಷ್ಟೇ ಜಾರಿಗೆ ಬರತೊಡಗಿದ್ದವು. ಸರ್ಕಾರದ ಆಜ್ಞೆ ಬಾಗಿಲನ್ನು ತೆರೆಯಬಲ್ಲದು. ಒಳಗೆ ಕರೆದು ಕೂರಿಸುವವರೂ ಬೇಕಲ್ಲವೇ? ಬ್ರಾಹ್ಮಣ ಮನೆತನದ ವೆಂಕಣ್ಣಯ್ಯನವರು ಆ ಕೆಲಸ ಮಾಡಿದರು. ಪುಟ್ಟಪ್ಪನವರಿಗೆ ಕನ್ನಡವನ್ನೇ ಆರಿಸಿಕೊಳ್ಳುವಂತೆ ಹೇಳಿ ಒಪ್ಪಿಸಿದರು.

ಇದು ಸಣ್ಣ ಹೊಣೆಯಲ್ಲ. ಇಂಗ್ಲಿಷಿಗೇ ಮನ್ನಣೆಯಿದ್ದ, ಕನ್ನಡ ಪಂಡಿತರೆಂದರೆ ಸಹೋದ್ಯೋಗಿಗಳೂ ಹಗುರವಾಗಿ ಕಾಣುತ್ತಿದ್ದ ದಿನಗಳವು. ಸಲಹೆ ತಪ್ಪಾಗಿದ್ದರೆ ನಷ್ಟ ಶಿಷ್ಯನದಾಗುತ್ತಿತ್ತೇ ಹೊರತು ಗುರುವಿನದಲ್ಲ. ಹಾಗಾಗಲಿಲ್ಲ. 1929ರಲ್ಲಿ ಎಂ.ಎ. ಮುಗಿಸಿದ ಪುಟ್ಟಪ್ಪ ಅದೇ ಕಾಲೇಜಿನಲ್ಲಿ ಅಧ್ಯಾಪಕರಾಗಿ ಗುರುವಿನ ಸಹೋದ್ಯೋಗಿಯೂ ಆದರು. ಮೊದಲ ತಂಡದಲ್ಲೇ ಇದ್ದ ಡಿ.ಎಲ್. ನರಸಿಂಹಾಚಾರ್ ಮುಂದೆ ಹಳಗನ್ನಡ ಗ್ರಂಥಸಂಪಾದನೆಯಲ್ಲಿ ದೊಡ್ಡ ಹೆಸರಾದರು.

1939ರ ಫೆಬ್ರುವರಿಯಲ್ಲಿ ವೆಂಕಣ್ಣಯ್ಯನವರು ತೀರಿಕೊಂಡಾಗ ಅವರಿಗೆ 53 ವರ್ಷ. ಕುವೆಂಪು ಆಗ ಶ್ರೀರಾಮಾಯಣ ದರ್ಶನಂ ಬರೆಯುತ್ತಿದ್ದರು. ಕಾವ್ಯ ಪೂರ್ಣಗೊಂಡು ಪ್ರಕಟವಾಗುವುದನ್ನು ಗುರು ಕಾಣಲಿಲ್ಲ. ಹತ್ತು ವರ್ಷಗಳ ನಂತರ, 1949ರಲ್ಲಿ ಅದು ಹೊರಬಂದಾಗ ಅರ್ಪಣೆಯಾದದ್ದು ಅವರಿಗೇ. ತನ್ನ ಮಹಾಕೃತಿಯನ್ನು ಆಳುವವರಿಗಾಗಲಿ ಶ್ರೀಮಂತರಿಗಾಗಲಿ ಒಪ್ಪಿಸದೆ ಕವಿಯೊಬ್ಬ ತನ್ನ ಮೇಷ್ಟರಿಗೆ ಒಪ್ಪಿಸಿದ್ದು ಕನ್ನಡದಲ್ಲಿ ಮರೆಯಲಾಗದ ಸಂಗತಿ.

ಕುವೆಂಪು 1956ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅವರ ಮಾರ್ಗದರ್ಶನದಲ್ಲಿ ಜಿ.ಎಸ್. ಶಿವರುದ್ರಪ್ಪ ಡಾಕ್ಟರೇಟ್ ಪಡೆದರು. ಮುಂದೆ ಶಿವರುದ್ರಪ್ಪನವರು ಕಟ್ಟಿ ಬೆಳೆಸಿದ ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರದಲ್ಲಿ, 1970ರ ದಶಕದಲ್ಲಿ, ಮಾಗಡಿ ಕಡೆಯ ಬಡ ದಲಿತ ಕುಟುಂಬದಿಂದ ಬಂದ ವಿದ್ಯಾರ್ಥಿಯೊಬ್ಬರು ಎಂ.ಎ. ಓದಿದರು. ಅವರೇ ಕವಿ ಸಿದ್ದಲಿಂಗಯ್ಯ.